ಬ್ಯಾಂಕು ಹೂಂ ಅನ್ನುವವರೆಗೆ
ಸ್ಟಾಕ್ಟನ್ನಿನಲ್ಲಿ ಶಾಲೆ ಬಸ್ಸು ಓಡಿಸುವ ಲವಾನ್ ಪ್ರೂಯಿಟ್‌ಗೆ ಮನೆ ಸಿಕ್ಕಿ ಒಂಬತ್ತು ತಿಂಗಳಾಯಿತು, ಒಳಗೆ ಕಾಲಿಡುವುದೊಂದೇ ಬಾಕಿ. ಸಾಲ ತೀರಿಸಲಾಗದ ಒಡತಿ ಸಾಲಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಿರುವ ಮನೆ ಅದು. ಸಾಲ ಕೊಟ್ಟ ಬ್ಯಾಂಕು ಹೂಂ ಅನ್ನಬೇಕು, ಅನ್ನುತ್ತಿಲ್ಲ. ಲವಾನ್ ಮಾತ್ರ ಪಾತ್ರೆಪಡಗವನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ, ಹೊರಗುಳಿದ ಒಂದೇ ಚಮಚದಲ್ಲಿ ಕಾಫಿಯನ್ನೂ ಕದಡಿ, ಬೀನ್ಸನ್ನೂ ತಿಂದು, "ಬರೋ ಶುಕ್ರವಾರ ಆಗೇ ಹೋಗುತ್ತೆ ಕಣೇ" ಅನ್ನುತ್ತಾಳೆ. "ಯಾವ ವರ್ಷದ ಶುಕ್ರವಾರ ಅಕ್ಕಾ?" ಎಂದು ತಂಗಿ ಡಾರ್ಲೀನ್ ಕಾಲೆಳೆಯುತ್ತಾಳೆ. ದಿನಾ ಮಧ್ಯಾಹ್ನ ಬ್ಯಾಂಕಿಗೆ ಫೋನು. ಅವರು ಕಾಯಿಸುವಾಗ ಹಾಕುವ, ನಡುವೆ ತಡೆದು ಮತ್ತೆ ಮೊದಲಿನಿಂದ ಶುರುವಾಗುವ ಪಿಯಾನೋ ರಾಗ ಅವಳಿಗೆಷ್ಟು ಬಾಯಿಪಾಠವೆಂದರೆ, ಅವಳಿಂದ ಕಲಿತು ಬಸ್ಸಿನ ಮಕ್ಕಳೂ ಅದನ್ನೇ ಶಿಳ್ಳೆ ಹಾಕುತ್ತಾರೆ, ಚರ್ಚಿನಲ್ಲಿ ಅವಳು ಸ್ತೋತ್ರಕ್ಕೆ ಬಾಯಿ ತೆರೆದರೂ ಅದೇ ಹೊರಡುತ್ತದೆ. ಭಾನುವಾರ ಆ ಮನೆಯೆದುರು ಕಾರು ನಿಲ್ಲಿಸಿ, ಕಿಟಕಿಗಳನ್ನು ಎಣಿಸಿ ಬರುವುದು ಅವಳ ಪದ್ಧತಿ. ಹೋದ ಭಾನುವಾರ ಒಡತಿ ಅಂಗಳದ ಗುಲಾಬಿಗೆ ನೀರು ಬಿಡುತ್ತ ಏನೋ ಗುನುಗುತ್ತಿದ್ದಳು. ಲವಾನ್ ಕಾರಿನ ಗಾಜಿಳಿಸಿ ಕಿವಿಗೊಟ್ಟಳು. ಅದೇ ಪಿಯಾನೋ ರಾಗ, ಅದೇ ಜಾಗದಲ್ಲಿ ತಡೆದು ಮತ್ತೆ ಮೊದಲಿನಿಂದ. ಅವಳೂ ಆ ಬ್ಯಾಂಕಿಗೇ ಫೋನು ಹಿಡಿದು ಕಾಯುವವಳು. ಈಗ ತಂಗಿ ಕೇಳಿದರೆ ಶುಕ್ರವಾರದ ಮಾತೇ ಇಲ್ಲ. "ಅವಸರವೇನಿಲ್ಲ ಬಿಡೇ," ಅನ್ನುತ್ತಾಳೆ, "ಆ ಗುಲಾಬಿ ಇನ್ನೊಂದ್ಸಲ ಹೂ ಬಿಡ್ಲಿ."