ನಲವತ್ತೆರಡರ ನೀರು

ಜ್ಯೋತಿಲಕ್ಷ್ಮಿಗೆ 2009ರ ಏಪ್ರಿಲ್ ತಿಂಗಳ ಸಂಬಳ, ಆರು ಸಾವಿರದ ಇನ್ನೂರು ರೂಪಾಯಿ, ಇನ್ನೂ ಬಂದಿಲ್ಲ. ಅವಳ ತಪ್ಪು ಇಷ್ಟೇ: ಕಂಪ್ಯೂಟರ್ ಕೊಟ್ಟ ಉತ್ತರವನ್ನು ನಂಬಲಿಲ್ಲ.

ಸಮೇತನಹಳ್ಳಿಯವಳು. ಡಿಪ್ಲೊಮಾ ಮುಗಿಸಿ ಹೊಸಕೋಟೆಯ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಫ್ಯಾಕ್ಟರಿ ಬಂದು ನೀರೆತ್ತಿದರೆ ಸುತ್ತಲಿನ ಬೋರ್‌ವೆಲ್‌ಗಳು ಎಷ್ಟು ಇಳಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ವರದಿ ಕೊಡುವ ಕಂಪನಿ. ಒಂದು ಜಮೀನಿನ ಲೆಕ್ಕಕ್ಕೆ ಆರು ಗಂಟೆ ಹಿಡಿಯುತ್ತಿತ್ತು. ಅದಕ್ಕೇ ಯಜಮಾನ ಉಮಾಶಂಕರ್ ಬರೆದ ಪ್ರೋಗ್ರಾಂ, ಒಮ್ಮೆ ಬಂದ ಉತ್ತರವನ್ನು ಕ್ಯಾಶ್ ಎಂಬ ಫೋಲ್ಡರಿನಲ್ಲಿ ಎತ್ತಿಟ್ಟುಕೊಳ್ಳುತ್ತಿತ್ತು. ಅದೇ ಜಮೀನನ್ನು ಮತ್ತೆ ಕೇಳಿದರೆ ಅದನ್ನೇ ತಂದು ಮುಂದಿಡುತ್ತಿತ್ತು.

ಆ ಏಪ್ರಿಲ್‌ನಲ್ಲಿ ಅವಳೂರಿನ ಸರದಿ ಬಂತು. ಸರ್ವೆ ನಂಬರ್ 42, ದೊಡ್ಡಪ್ಪ ಆದಿನಾರಾಯಣಪ್ಪನ ಜಮೀನು. ಫ್ಯಾಕ್ಟರಿ ಹತ್ತು ವರ್ಷ ನೀರೆತ್ತಿದರೂ ಇನ್ನೂರು ಅಡಿಯಲ್ಲಿ ನೀರಿರುತ್ತದೆ ಎಂದಿತು ಪ್ರೋಗ್ರಾಂ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಅದನ್ನು ಹೇಳಿದಳು. ಹಿಂದಿನ ಬೇಸಿಗೆಯಲ್ಲೇ ಬೋರ್ ಒಣಗಿಸಿಕೊಂಡಿದ್ದ ದೊಡ್ಡಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ.

“ಹಂಗಾದ್ರೆ ನಾಳೆಯಿಂದ ಬಿಂದಿಗೆ ತಗೊಂಡು ನಿಮ್ಮಾಫೀಸಿಗೇ ಬರ್ತೀನಿ ಮಗಾ. ನನ್ ಬೋರ್‌ನಾಗೆ ಇಲ್ದಿರೋ ನೀರು ನಿಮ್ ಕಂಪ್ಯೂಟ್ರಾಗೈತಲ್ಲ.”

ಎಲ್ಲರೂ ನಕ್ಕರು. ಅವಳಿಗೆ ಆಗ ಹೊಳೆಯಿತು. ಆ ಉತ್ತರ ಎರಡೇ ಸೆಕೆಂಡಿನಲ್ಲಿ ಬಂದಿತ್ತು. ಮೊದಲ ಸಲ ಕೇಳಿದ ಜಮೀನಿಗೆ ಎತ್ತಿಟ್ಟ ಉತ್ತರ ಎಲ್ಲಿಂದ ಬರಬೇಕು?

ಬೆಳಿಗ್ಗೆ ಹೋದವಳೇ ಫ್ಯಾಕ್ಟರಿ ಎತ್ತುವ ನೀರನ್ನು ಎರಡರಷ್ಟು ಮಾಡಿದಳು. ಅದೇ ಇನ್ನೂರು ಅಡಿ. ಹತ್ತರಷ್ಟು ಮಾಡಿದಳು. ಅದೇ. ಕ್ಯಾಶ್ ಫೋಲ್ಡರನ್ನು ಬೇರೆಡೆಗೆ ಸರಿಸಿ, ಸರಿಯಾದ ಅಂಕಿ ಹಾಕಿ ಮತ್ತೆ ಕೇಳಿದಳು. ಸಂಜೆ ಉತ್ತರ ಬಂತು: ಮೂರನೇ ವರ್ಷಕ್ಕೆ ಸುತ್ತ ಎಲ್ಲೂ ನೀರಿಲ್ಲ.

ಮೊದಲು ಬಂದದ್ದು, ಹಿಂದೆಂದೋ ಲೆಕ್ಕ ಹಾಕಿದ್ದ ಕುಂದಾಣ ಎಂಬ ಬೇರೆ ಊರಿನ 42ರ ಉತ್ತರ. ಪ್ರೋಗ್ರಾಂ ಎತ್ತಿಟ್ಟ ಉತ್ತರಕ್ಕೆ ಸರ್ವೆ ನಂಬರನ್ನಷ್ಟೇ ಗುರುತಾಗಿ ಇಡುತ್ತಿತ್ತು, ಊರಿನ ಹೆಸರು ಇಡುತ್ತಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಭೂಮಿ ಹೋದಂದಿನಿಂದ ಟೀ ಅಂಗಡಿಯಲ್ಲೂ ಜಮೀನಿಗೆ ನಂಬರೇ ಹೆಸರಾಗಿತ್ತು: ನಲವತ್ತೆರಡು ಹೋಯಿತಂತೆ, ಐವತ್ತು ಎಷ್ಟಕ್ಕೆ ಕುದುರಿತಂತೆ. ಉಮಾಶಂಕರ್ ಆ ಮಾತನ್ನೇ ಕೇಳುತ್ತಾ ಪ್ರೋಗ್ರಾಂ ಬರೆದವನು.

“ಸಾರ್, ಊರೂರಿಗೂ ಒಂದೊಂದು ನಲವತ್ತೆರಡು ಐತೆ,” ಎಂದಳು.

ಅವನು ಕೂಡಲೇ ಪ್ರೋಗ್ರಾಂ ತೆರೆದ. ಒಂದು ಸಾಲು ತಿದ್ದಿದ, ಐದು ನಿಮಿಷದ ಕೆಲಸ. ಇಬ್ಬರೂ ಕೂತು ಹಳೆಯ ವರದಿಗಳನ್ನು ತೆಗೆದರು. ಹನ್ನೊಂದು ಊರಿಗೆ ಬೇರೆ ಊರಿನ ನೀರು ಹೋಗಿತ್ತು. ಆ ವರದಿಗಳ ಮೇಲೆ ಫ್ಯಾಕ್ಟರಿಗಳಿಗೆ ಒಪ್ಪಿಗೆಯೂ ಸಿಕ್ಕಿತ್ತು.

“ಕಳ್ಸಿರೋದು ಕಳ್ಸಾಯ್ತು ಕಣಮ್ಮ. ವಾಪಸ್ ಕೇಳಿದ್ರೆ ನಾಳೆಯಿಂದ ಯಾರೂ ಕೆಲ್ಸ ಕೊಡಲ್ಲ,” ಎಂದ ಉಮಾಶಂಕರ್.

ಅವಳು ತನ್ನೂರಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹನ್ನೊಂದು ಊರಿನ ಹೆಸರನ್ನೂ ಓದಿದಳು. ಮಾರನೇ ದಿನ ಆಫೀಸಿನ ಬಾಗಿಲು ಅವಳಿಗೆ ತೆರೆಯಲಿಲ್ಲ. ಸಮೇತನಹಳ್ಳಿಯ ವರದಿ ಮಾತ್ರ ಹೋಗದೆ ನಿಂತಿತು. ಆ ಹನ್ನೊಂದು ವರದಿಗಳೂ ಹಾಗೇ ಇವೆ.

ನಿಮ್ಮೂರ ನೀರಿನ ವರದಿ ನಿಮ್ಮ ಪಂಚಾಯ್ತಿಯಲ್ಲಿ ಇರಬೇಕು. ನಾಳೆಯೇ ಹೋಗಿ ಕೇಳಿ. ಅದರಲ್ಲಿರುವುದು ನಿಮ್ಮ ಬೋರಿನ ನೀರೇ ಹೌದೋ ಎಂದು ನಿಮ್ಮೆದುರೇ ಮತ್ತೆ ಲೆಕ್ಕ ಹಾಕಿಸಿ ನೋಡಿ. ಆರು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಅಲ್ಲೇ ಕೂತಿರಿ.