ಚಕ್ರಪಾಣಿ ಮೇಷ್ಟ್ರ ಕಿತ್ತಳೆ

ಕಿತ್ತಳೆ ಹಣ್ಣು ಕಂಡರೆ ನನಗೆ ಈಗಲೂ ವಾಕರಿಕೆ. ತಿನ್ನುವುದು ಹಾಗಿರಲಿ, ಯಾರಾದರೂ ಪಕ್ಕದಲ್ಲಿ ಕೂತು ಸಿಪ್ಪೆ ಸುಲಿದರೂ ಎದ್ದು ಹೋಗುತ್ತೇನೆ. ಹಣ್ಣು ಏನು ಪಾಪ ಮಾಡಿತ್ತು ಎಂದು ಕೇಳಬೇಡಿ. ತಪ್ಪೆಲ್ಲ ಚಕ್ರಪಾಣಿ ಮೇಷ್ಟ್ರದು.

ಮೇಷ್ಟ್ರು ಮಲ್ಲೇಶ್ವರದವರು, ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಸಂಜೆಯಾದರೆ ಮುಚ್ಚುಕೋಟು ತೊಟ್ಟು, ಬಣ್ಣದ ಡಬ್ಬಿ ಹಿಡಿದು ಮನೆಪಾಠಕ್ಕೆ ಹೊರಡುವರು. ಮದುವೆಗೆ ಬಂದ ಹುಡುಗಿಯರಿರುವ ಮನೆಗಳೇ ಅವರಿಗೆ ಗಿರಾಕಿ. ಹೆಣ್ಣು ನೋಡಲು ಬಂದವರಿಗೆ ಆಗ ಉಪ್ಪಿಟ್ಟು, ಕೇಸರಿಬಾತು, ಹಾರ್ಮೋನಿಯಂ ಮೇಲೆ ಒಂದು ಹಾಡು, ಹುಡುಗಿಯೇ ಬರೆದ ಒಂದು ಪಟ ಇಷ್ಟನ್ನು ಒಪ್ಪಿಸಬೇಕಿತ್ತು. ನಲವತ್ತೆಂಟನೇ ಇಸವಿಯಲ್ಲಿ ಅವರು ಚಾಮರಾಜಪೇಟೆಯ ನಮ್ಮ ಮನೆಗೂ ಬಂದರು. ನನಗೆ ಹದಿನಾರು. ನಮ್ಮಪ್ಪ ಶಂಭುಲಿಂಗಪ್ಪನವರಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ.

ಮೇಷ್ಟ್ರು ಮಹಾ ಮಡಿವಂತರು. ಲಿಂಗಾಯತರ ಮನೆ ಕಾಫಿ ಮುಟ್ಟುತ್ತಿರಲಿಲ್ಲ. ಆದರೆ ನಮ್ಮ ಮನೆ ನೀರಲ್ಲೇ ಅದ್ದಿದ ಬ್ರಷ್ಷನ್ನು ಮೊನೆ ಮಾಡಲೆಂದು ಬಾಯಿಗಿಟ್ಟು ಚೀಪುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ನಾಲಿಗೆಯೆಲ್ಲ ಕೇಸರಿ. ಮಧ್ಯೆ ಮಧ್ಯೆ ನಶ್ಯ ಏರಿಸಿ ಸೀನಿದರೆ ಕಾಗದದ ಮೇಲೂ ಎರಡು ಹನಿ ಬೀಳುತ್ತಿತ್ತು. ಅದನ್ನೂ ತೋಳಿನಲ್ಲಿ ಒರೆಸಿ, "ಹ್ಞೂಂ, ಮುಂದಕ್ಕೆ" ಅನ್ನುವರು. ಥೂ!

ಪಾಠ ಮಾತ್ರ ಒಳ್ಳೆಯದೇ, ಸುಳ್ಳು ಹೇಳಲಾರೆ. "ಮೊದಲು ಚೌಕ ಎಳಿಯಮ್ಮ. ನಾಲ್ಕು ಮೂಲೇನೂ ಸವರು. ಮೇಲೂ ಕೆಳಗೂ ಚೂರು ಅದುಮು, ಕಿತ್ತಳೆ ಚೆಂಡಲ್ಲ. ಮೊದಲು ತೆಳ್ಳಗೆ ಹಳದಿ. ಅದು ಒಣಗೋಕೆ ಮುಂಚೆ ನೆರಳಿನ ಕಡೆ ಕೆಂಪು ಮುಟ್ಸು, ತಾನೇ ಹರಡ್ಕೊಳ್ಳುತ್ತೆ. ಬೆಳಕು ಬೀಳೋ ಕಡೆ ಕಾಗದ ಹಾಗೇ ಬಿಟ್ಬಿಡು." ಬಿಟ್ಟೆ. ನಮ್ಮಮ್ಮ ಶೈಲಜಮ್ಮ ಬಂದು ನೋಡಿ, "ಅಲ್ಲಿ ಬಣ್ಣ ಸಾಲ್ಲಿಲ್ವಾ ಮೇಷ್ಟ್ರೇ?" ಎಂದಳು. ಮೇಷ್ಟ್ರು ಬಾಯಿಂದ ಬ್ರಷ್ ತೆಗೆದು ಆ ಬೆಳಕನ್ನೂ ಬಳಿದು ಮುಚ್ಚಿದರು. ಅವರು ಎಂಥವರು ಎನ್ನುವುದು ನನಗೆ ಅವತ್ತೇ ತಿಳಿಯಬೇಕಿತ್ತು.

ವಾರಕ್ಕೆ ಎರಡು ದಿನ ಪಾಠ. ಎರಡು ತಿಂಗಳಾದರೂ ಅದೇ ಕಿತ್ತಳೆ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ. ತಟ್ಟೆಯಲ್ಲಿಟ್ಟ ಹಣ್ಣನ್ನು ಅಮ್ಮ ಬೇಗ ಬದಲಾಯಿಸುತ್ತಿರಲಿಲ್ಲ. "ನೋಡೋಕೆ ತಾನೇ, ತಿನ್ನೋಕಲ್ವಲ್ಲ" ಎನ್ನುವಳು. ಒಮ್ಮೆ ಇಟ್ಟ ಮೂರನೇ ವಾರಕ್ಕೆ ಅದರ ಒಂದು ಮಗ್ಗುಲು ಕುಸಿದು, ಬೂದಿಹಸಿರು ಬೂಷ್ಟು ಹಿಡಿದು, ಕೋಣೆಯೆಲ್ಲ ಹುಳಿನಾತ ಹೊಡೆಯಿತು. ಒಂದು ಮಧ್ಯಾಹ್ನ ನಾನೊಬ್ಬಳೇ ಮೂಗು ಮುಚ್ಚಿಕೊಂಡು ಕೂತು ಅದನ್ನೇ ಬರೆದೆ. ಕುಸಿದ ಸಿಪ್ಪೆ, ಬೂಷ್ಟಿನ ಪುಡಿ, ತಟ್ಟೆಗೆ ಇಳಿದ ರಸ, ಯಾವುದನ್ನೂ ಬಿಡಲಿಲ್ಲ.

ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ನಶ್ಯದ ಡಬ್ಬಿ ಕೈಯಲ್ಲೇ ಉಳಿಯಿತು.

"ಯಾರು ಹೇಳಿಕೊಟ್ರು ಇದನ್ನ?"

"ಯಾರೂ ಇಲ್ಲ."

"ಮಾರ್ಚಿಗೆ ಲೋಯರ್ ಪರೀಕ್ಷೆಗೆ ಕಟ್ಟು. ನೀನು ಪಾಸಾಗ್ತೀಯ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ."

ಅವತ್ತು ರಾತ್ರಿ ನಾನು ಊಟ ಮಾಡಿದ್ದು ನೆನಪಿಲ್ಲ. ಸರ್ಕಾರದ ಡ್ರಾಯಿಂಗ್ ಪರೀಕ್ಷೆ! ಪಾಸಾದರೆ ಸ್ಕೂಲಿನಲ್ಲಿ ಕೆಲಸ ಸಿಗುತ್ತದಂತೆ. ಮೇಷ್ಟ್ರ ನಶ್ಯವನ್ನೂ ಸೀನನ್ನೂ ಒಂದು ವಾರ ಕ್ಷಮಿಸಿಬಿಟ್ಟಿದ್ದೆ.

ವಾರ ಕಳೆಯುವಷ್ಟರಲ್ಲಿ ಬಸವನಗುಡಿಯ ನಂಜುಂಡಯ್ಯನವರ ಮನೆಯಿಂದ ಸಂಬಂಧ ಬಂತು. ಅದು ಕುದುರಿದರೆ ಪರೀಕ್ಷೆಗೆ ಎಳ್ಳುನೀರು ಎಂದು ನನಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು. ಅಮ್ಮ ನನ್ನ ಪಟ ನೋಡಿ ಕಿರುಚಿಕೊಂಡಳು. "ಕೊಳೆತ ಹಣ್ಣು! ಹೆಣ್ಣು ನೋಡೋಕೆ ಬರೋ ದಿನ ಇಂಥ ಅಪಶಕುನಾನಾ? ಮೇಷ್ಟ್ರೇ, ಸ್ವಲ್ಪ ನೀವೇ ತಿದ್ದಿಬಿಡಿ." ಅಪ್ಪನ ಹತ್ತಿರ ಮಾತಾಡುತ್ತೇನೆಂದ ಮಹಾನುಭಾವರು ಒದ್ದೆ ಬಟ್ಟೆ ತೆಗೆದುಕೊಂಡು ನನ್ನ ಕಣ್ಣೆದುರಿಗೇ ಬೂಷ್ಟನ್ನು ಉಜ್ಜಿ, ಮೇಲೆ ದಪ್ಪಗೆ ಕೇಸರಿ ಮೆತ್ತಿದರು. ಹಣ್ಣು ಮಿಠಾಯಿ ಅಂಗಡಿಯ ಲಾಡಿನ ಹಾಗೆ ಹೊಳೆಯತೊಡಗಿತು. ನನಗೆ ಮೈಯೆಲ್ಲ ಉರಿಯಿತು.

ಗಂಡಿನವರು ಬಂದ ದಿನ ಪಟಕ್ಕೆ ಕಟ್ಟು ಹಾಕಿಸಿ ತಂದು ಗೋಡೆಗೆ ಏರಿಸಿದವರೂ ಮೇಷ್ಟ್ರೇ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಹುಡುಗನ ತಾಯಿ ಪಟ ನೋಡಿ ನಕ್ಕರು. "ಅಯ್ಯೋ, ನಮ್ಮ ದೊಡ್ಡ ಸೊಸೇನೂ ಇಂಥದೇ ತಂದಿದಾಳೆ! ಜೋಡಿ ಆಯ್ತು ಬಿಡಿ. ನೀನೇ ಬರೆದದ್ದಾ ಮಗು?"

ತಪ್ಪಿಸಿಕೊಳ್ಳಲು ನನಗೆ ಇದ್ದದ್ದು ಅದೊಂದೇ ದಾರಿ. ಸುಳ್ಳುಗಾರರ ಮನೆ ಎಂದು ಎದ್ದು ಹೋಗಲಿ ಎಂದುಕೊಂಡೆ. "ನಾನಲ್ಲ. ಮೇಲಿನ ಬಣ್ಣವೆಲ್ಲ ಮೇಷ್ಟ್ರದು" ಎಂದೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮೇಷ್ಟ್ರು ಎದ್ದು ನಿಂತು ಕೈಮುಗಿದು, "ಇಲ್ಲಾಮ್ಮ, ಎಲ್ಲಾ ಮಗೂದೇ. ನಾನು ಬೆರಳು ಕೂಡ ಮುಟ್ಟಿಸಿಲ್ಲ" ಎಂದುಬಿಟ್ಟರು.

"ನೋಡಿದ್ರಾ ವಿನಯಾನ!" ಎಂದು ಆಕೆ ಗಂಡನ ಕಡೆ ತಿರುಗಿದರು. "ತಾನು ಬರೆದದ್ದಕ್ಕೂ ಗುರೂ ಹೆಸರೇ ಹೇಳ್ತಾಳೆ." ನನ್ನ ವಿನಯ ಮೆಚ್ಚಿ ಅಲ್ಲೇ ಹೂ ಮುಡಿಸಿದರು. ಮಾಘದಲ್ಲಿ ಮದುವೆ. ಮಾರ್ಚಿನಲ್ಲಿ ನಾನು ಬಸವನಗುಡಿಯ ಅಡುಗೆಮನೆಯಲ್ಲಿ ಅಕ್ಕಿ ರುಬ್ಬುತ್ತಿದ್ದೆ.

ಐದು ವರ್ಷದ ಮೇಲೆ ನಾದಿನಿ ಮಹಾನಂದಳಿಗೆ ಗಂಡು ಹುಡುಕತೊಡಗಿದರು. ಅತ್ತೆಗೆ ಡ್ರಾಯಿಂಗ್ ಮೇಷ್ಟ್ರು ಬೇಕಾಯಿತು. ಯಾರು ಬಂದರೆಂದು ಬೇರೆ ಹೇಳಬೇಕೆ? ಅದೇ ಡಬ್ಬಿ, ಅದೇ ಕೇಸರಿ ನಾಲಿಗೆ. ನಡುಮನೆಯಲ್ಲಿ ಎದುರುಬದುರಾಗಿ ತೂಗುತ್ತಿದ್ದ ಎರಡು ಕಿತ್ತಳೆಗಳನ್ನು ನೋಡಿ ಅವರಿಗೆ ನನ್ನ ಗುರುತು ಸಿಕ್ಕಿತು.

"ಚೆನ್ನಾಗಿದೀಯಾ ತಾಯಿ? ಅವತ್ತು ನಾನು ಹಾಗೆ ಹೇಳದೆ ಇದ್ದಿದ್ರೆ ನಿನ್ನ ಮದುವೆ ನಿಂತೇ ಹೋಗ್ತಿತ್ತು" ಎಂದು ನಕ್ಕರು.

"ನಿಲ್ಲಲಿ ಅಂತಾನೇ ಹೇಳಿದ್ದು ಮೇಷ್ಟ್ರೇ."

ನಗು ಅರ್ಧಕ್ಕೇ ನಿಂತಿತು. "ಎಷ್ಟೋ ಹುಡುಗೀರಿಗೆ ಹೀಗೇ ಮಾಡಿಕೊಟ್ಟಿದೀನಮ್ಮ. ಯಾರೂ ಬೇಡ ಅನ್ನಲಿಲ್ಲ."

"ನೀವು ಯಾರನ್ನ ಕೇಳಿದ್ರಿ?"

ಅವರು ನಶ್ಯದ ಡಬ್ಬಿ ತಡಕಿದರು. ಮಹಾನಂದ ಚಾಪೆಯ ಮೇಲೆ ಕೂತು ತುಟಿ ಕಚ್ಚಿಕೊಂಡು ಹಣ್ಣಿಗೆ ಹಳದಿ ಹಚ್ಚುತ್ತಿದ್ದಳು. ಬಣ್ಣ ಗೆರೆ ದಾಟಿ ಹೋಗಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅಷ್ಟರಲ್ಲಿ ಅತ್ತೆ ಒಳಗಿಂದ ಕೂಗಿದರು: "ಮೇಷ್ಟ್ರೇ, ಬರೋ ಸೋಮವಾರವೇ ಗಂಡಿನವರು ಬರ್ತಾರಂತೆ. ಸ್ವಲ್ಪ ನೀವೇ ತಿದ್ದಿಬಿಡಿ!"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಬೇಡ ಎನ್ನಲಿ ಎಂದು ಕಾದರೋ ಏನೋ. ಒಳಗೆ ಅತ್ತೆ ಇದ್ದರು, ಒಲೆಯ ಮೇಲೆ ಹಾಲಿತ್ತು. ನಾನು ಬಾಯಿ ಬಿಡಲಿಲ್ಲ. ಅವರು ಮಹಾನಂದಳ ಬೆರಳು ಬಿಡಿಸಿ ಬ್ರಷ್ ತೆಗೆದುಕೊಂಡರು.