ಗಂಗವ್ವ ನೋಡದ ಐದನೆಯ ರೀಲು

ಕೋವಿಡ್ಡಿನ ಅಲೆಗಳೆಲ್ಲ ಇಳಿದ ಮರುವರ್ಷ. ಹಾವೇರಿ ಜಿಲ್ಲೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ನಾನು ಜನರಲ್ ಸರ್ಜನ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಸುತ್ತಿಯೇ ನನ್ನ ಸರ್ವಿಸ್ಸು ಕಳೆದದ್ದು. ಹುಟ್ಟಿದ್ದು ಆಡೂರಿನಲ್ಲಿ. ಅಪ್ಪ ಊರಿನ ಹಳೆಯ ಶಾಸನದ ಒಂದೊಂದು ಅಕ್ಷರವನ್ನೂ ಅರ್ಧ ದಿನ ಕುಳಿತು ಓದುತ್ತಿದ್ದರು. ಮಗನಾದ ನನಗೆ ಎದುರಿಗೆ ಕೂತ ಮನುಷ್ಯನ ಮಾತನ್ನು ಎರಡು ನಿಮಿಷ ಕೇಳುವ ತಾಳ್ಮೆ ಇರಲಿಲ್ಲ. ನನ್ನ ಸಿಟ್ಟು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಸೋಮವಾರ ಒಪಿಡಿಗೆ ಸವಣೂರಿನ ಗಂಗವ್ವ ಬಂದರು. ವಯಸ್ಸು ಅರವತ್ತರ ಆಸುಪಾಸು. ಮನೆಯಲ್ಲೇ ಖಾರಾ ಕರಿದು ಅಂಗಡಿಗಳಿಗೆ ಕೊಡುವವರು. ಜೊತೆಗೆ ಗಂಡ ಈರಪ್ಪ, ಕೈಯಲ್ಲಿ ಟೊಪ್ಪಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದರು. ಗಂಗವ್ವ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದಾಗ ವಾಸನೆ ಮೊದಲು ಬಂತು. ಮಣಿಕಟ್ಟಿನ ಮೇಲುಭಾಗದಲ್ಲಿ ಅಂಗೈ ಅಗಲದ ಹುಣ್ಣು, ಅಂಚೆಲ್ಲ ಹೂಕೋಸಿನಂತೆ ಉಬ್ಬಿತ್ತು.

ಆ ಕೈಯನ್ನು ನಾನು ಎಂಟು ತಿಂಗಳ ಹಿಂದೆ ಒಮ್ಮೆ ನೋಡಿದ್ದೆ. ಆಗ ಹುಣ್ಣು ಹೆಬ್ಬೆರಳಿನ ಉಗುರಿನಷ್ಟಿತ್ತು. ಮೂವತ್ತು ವರ್ಷದ ಹಿಂದೆ ಕಾದ ಎಣ್ಣೆ ಸಿಡಿದು ಸುಟ್ಟ ಜಾಗವದು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಹುಟ್ಟುವುದುಂಟು. ಖಚಿತ ಮಾಡಿಕೊಳ್ಳಲು ಬಯಾಪ್ಸಿ, ಅಂದರೆ ಒಂದು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಬೇಕು ಎಂದಿದ್ದೆ. ಆಕೆ ಒಲ್ಲೆನೆಂದು ಎದ್ದು ಹೋಗಿದ್ದರು. ಹೋದರೆ ಹೋಗಲಿ ಎಂದು ನಾನು ಮುಂದಿನ ಪೇಶಂಟನ್ನು ಕರೆದಿದ್ದೆ.

ಈಗಲೂ ಆಕೆಗೆ ಬೇಕಾಗಿದ್ದು ಹಚ್ಚಿಕೊಳ್ಳಲು ಮುಲಾಮು ಮಾತ್ರ.

“ಗಂಗವ್ವ, ಇದಕ್ಕ ಮುಲಾಮು ನಡಿಯೂದಿಲ್ಲ. ಈಗ ತಗೀಲಿಲ್ಲ ಅಂದ್ರ ಮುಂದ ಕೈನ ತಗೀಬೇಕಾಗ್ತದ. ಅದೂ ದಾಟಿದ್ರ ಜೀವಕ್ಕ ಬರ್ತದ.”

“ಕತ್ತಿ ಮುಟ್ಟಿದ್ರ ಅದು ಮೈತುಂಬ ಹಬ್ಬತೈತ್ರಿ ಸಾಹೇಬ್ರ. ನಾ ಕಣ್ಣಾರೆ ನೋಡೇನಿ.”

“ಎಲ್ಲಿ ನೋಡೀರಿ? ಯಾರಿಗೆ ಆಗಿತ್ತು?”

ಬಾಗಿಲ ಬಳಿಯಿಂದ ಈರಪ್ಪ ಸಣ್ಣ ದನಿಯಲ್ಲಿ ಹೇಳಿದರು, “ಸಿನಿಮಾದಾಗರಿ.”

ನಾನು ಜೋರಾಗಿ ನಕ್ಕೆ. ಗಂಗವ್ವನ ಮುಖ ಕೆಂಪಾಯಿತು. ಸೆರಗು ಕೈಮೇಲೆ ಎಳೆದುಕೊಂಡು ಎದ್ದೇ ಬಿಟ್ಟರು. ಮತ್ತೆ ಎಂಟು ತಿಂಗಳು ಹೋದರೆ ಈಕೆ ಉಳಿಯುವುದಿಲ್ಲ ಎಂಬುದು ಆಗ ಹೊಳೆದು ನನ್ನ ನಗೆ ನಿಂತಿತು. ತಪ್ಪಾಯಿತೆಂದು ಹೇಳಿ ಕೂರಿಸಿಕೊಂಡೆ. ಪೇಶಂಟೊಬ್ಬರ ಕ್ಷಮೆ ಕೇಳಿದ್ದು ನನ್ನ ಸರ್ವಿಸ್ಸಿನಲ್ಲೇ ಅದು ಮೊದಲು ಎಂದು ಕಾಣುತ್ತದೆ.

ಕತೆ ಆಮೇಲೆ ಹೊರಬಂತು. ಈರಪ್ಪ ಒಂದು ಕಾಲಕ್ಕೆ ಹಿರೇಕೆರೂರಿನಲ್ಲಿ ಟಾಕೀಸಿನ ಆಪರೇಟರ್. ಮದುವೆಯಾದ ಹೊಸತು, ಹೆಂಡತಿಯನ್ನು ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಪುಕ್ಕಟೆ ಸಿನಿಮಾ ತೋರಿಸುತ್ತಿದ್ದರು. ಹಾಗೆ ತೋರಿಸಿದ್ದರಲ್ಲಿ ಒಂದು ಇಂಗ್ಲಿಷ್ ಚಿತ್ರ: ಮರದ ಅಡ್ಡೆಯಲ್ಲಿ ಕೆಲಸ ಮಾಡುವ ಒಬ್ಬನ ಬೆರಳಿನ ಮೇಲೆ ತೊಗಟೆ ಬೆಳೆಯುತ್ತದೆ, ಡಾಕ್ಟರು ಅದನ್ನು ಕತ್ತರಿಸುತ್ತಾನೆ, ಮರುದಿನದಿಂದ ತೊಗಟೆ ಮೈಯೆಲ್ಲ ಹಬ್ಬಿ ಆತ ಮರವಾಗಿಬಿಡುತ್ತಾನೆ. ಹತ್ತೊಂಬತ್ತರ ಹುಡುಗಿ ಗಂಗವ್ವ ಒಂದು ವಾರ ನಿದ್ದೆ ಮಾಡಿರಲಿಲ್ಲವಂತೆ.

ಮನೆಗೆ ಹೋಗಿ ಈರಪ್ಪ ಹೇಳಿದ ಕತೆಯನ್ನೇ ಹಾಕಿ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಚಿತ್ರ ಸಿಕ್ಕಿತು. ದೇಹವೇ ವೈರಿಯಾಗುವ ಇಂಥ ಚಿತ್ರಗಳನ್ನು ಬಾಡಿ ಹಾರರ್ ಎನ್ನುತ್ತಾರೆಂದೂ, ಆಗ ಎಲ್ಲರೂ ಮೂಗು ಮುರಿದ ಈ ಚಿತ್ರ ಈಗ ಕ್ಲಾಸಿಕ್ ಆಗಿದೆಯೆಂದೂ ತಿಳಿಯಿತು. ಮೊದಲ ಹತ್ತು ನಿಮಿಷ ನೋಡಿದೆ. ತೊಗಟೆ ರಬ್ಬರಿನದು, ರಕ್ತ ಬಣ್ಣದ ನೀರು. ಇದನ್ನು ಕಣ್ಣೆದುರು ತೋರಿಸಿಬಿಟ್ಟರೆ ಹೆದರಿಕೆ ಹೋಗುತ್ತದೆ ಎಂದುಕೊಂಡೆ. ಪೂರ್ತಿ ನೋಡುವ ತಾಳ್ಮೆ ಆಗಲೂ ಇರಲಿಲ್ಲ.

ಅವರಿಬ್ಬರನ್ನೂ ಭಾನುವಾರ ಬರಹೇಳಿ, ಬೆಳಗಿನ ರೌಂಡ್ಸ್ ಮುಗಿಸಿ, ಡ್ರೆಸಿಂಗ್ ಕೋಣೆಯ ಕಿಟಕಿ ಮುಚ್ಚಿ, ಮೂವರೂ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಈರಪ್ಪನ ಮುಖ ಆ ದಿನ ನೋಡಬೇಕಿತ್ತು. ಸೋಮವಾರ ಬಾಗಿಲ ಬಳಿಯೇ ನಿಂತಿದ್ದ ಮನುಷ್ಯ ಕುರ್ಚಿ ಎಳೆದುಕೊಂಡು ಮುಂದೆ ಬಂದಿದ್ದರು. ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿದ ಕೂಡಲೇ, “ಚುಕ್ಕಿ ಬಂತು ನೋಡ್ರಿ. ಇಲ್ಲಿಗಿ ಒಂದನೇ ರೀಲು ಖಲಾಸ್,” ಎಂದರು. ರೀಲು ಬದಲಿಸಬೇಕೆಂದು ಆಪರೇಟರನಿಗೆ ಕೊಡುವ ಗುರುತಂತೆ ಅದು. ಹಳೆಯ ಪ್ರಿಂಟಿನಿಂದ ಇಳಿಸಿದ್ದರಿಂದ ಚುಕ್ಕಿಗಳೂ ಹಾಗೆಯೇ ಉಳಿದಿದ್ದವು.

ನನ್ನ ಉಪಾಯ ಮಾತ್ರ ನಡೆಯಲಿಲ್ಲ. “ನೋಡ್ರಿ, ರಬ್ಬರ್ ಅದು,” ಎಂದು ನಾನು ಎಷ್ಟು ಹೇಳಿದರೂ ಗಂಗವ್ವ, “ಗೊತ್ತೈತ್ರಿ, ಆದ್ರೂ ಅಂಜಿಕಿ ಬರತೈತಲ್ಲ,” ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಮೂರನೆಯ ರೀಲಿನಲ್ಲಿ ಉಗುರು ಕಳಚಿ ಬೀಳುವಾಗ, ಸಾವಿರಾರು ಹೊಟ್ಟೆ ಕೊಯ್ದ ನಾನೂ ಕುರ್ಚಿಯಲ್ಲಿ ಹಿಂದೆ ಸರಿದೆ. ಇದನ್ನು ತೋರಿಸಿ ಕೆಟ್ಟೆನೇನೋ ಎನ್ನಿಸಿತು.

ನಾಲ್ಕನೆಯ ಚುಕ್ಕಿ ಬಂತು. “ಈಗ ಆಪರೇಶನ್ ಬರತೈತಿ,” ಎಂದು ಗಂಗವ್ವ ಕಣ್ಣು ಮುಚ್ಚಿಕೊಂಡರು. ಆದರೆ ಆಪರೇಶನ್ ಬರಲಿಲ್ಲ. ಒಂದು ಅಡುಗೆಮನೆ ಬಂತು. ಗಂಡ, ಹೆಂಡತಿ ಮೇಜಿನ ಎದುರುಬದುರು ಕುಳಿತು ಮಾತಾಡತೊಡಗಿದರು.

ಈರಪ್ಪ ಎದ್ದು ನಿಂತರು. “ಇದು ಐದನೇ ರೀಲು ಸಾಹೇಬ್ರ. ಇದನ್ನ ನಾ ಹಚ್ಚತಿರಲಿಲ್ರಿ.”

ಚಿತ್ರ ನಿಲ್ಲಿಸಿದೆ. ಅವರು ನಿಂತೇ ಹೇಳಿದರು. ಸಂತೆಯ ದಿನ ಮಧ್ಯಾಹ್ನದ ಆಟಕ್ಕೆ ಹಳ್ಳಿಯ ಜನವೇ ತುಂಬಿರುತ್ತಿತ್ತು. ಸಂಜೆಯ ಕಡೇ ಬಸ್ಸಿಗೆ ಮೊದಲು ಆಟ ಬಿಡದಿದ್ದರೆ ಜನ ಅರ್ಧಕ್ಕೇ ಎದ್ದು ಹೋಗಿ, ಮುಂದಿನ ಸಂತೆಗೆ ಟಾಕೀಸಿನ ಕಡೆ ಹಾಯುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಚಿತ್ರ ಬಂದರೆ ಮಾಲಕರ ಅಪ್ಪಣೆ ಒಂದೇ: ಹೊಡೆದಾಟದ ರೀಲು ಇರಲಿ, ಮಾತಿನ ರೀಲು ಹಾರಿಸು.

“ಬೆಳಕಿಗಿ ಹಿಡಿದು ನೋಡಿದ್ನಿರಿ. ಗಂಡ ಹೆಂಡ್ತಿ ಕುಂತು ಮಾತಾಡಾಕತ್ತಾರ, ಅಷ್ಟ. ಇಂಗ್ಲಿಷ್ ಮಾತು ಯಾರಿಗಿ ಬೇಕಾಗಿತ್ರಿ ಹಿರೇಕೆರೂರಾಗ? ಡಬ್ಬಿಯೊಳಗ ಇಟ್ಟಬಿಟ್ನಿ.”

ಮತ್ತೆ ಹಚ್ಚಿದೆ. ಪ್ರತಿ ಮಾತನ್ನೂ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಆ ಮನುಷ್ಯ ಕೈಗವಸು ಹಾಕಿಕೊಂಡು ಬೆರಳನ್ನು ಹೆಂಡತಿಯಿಂದ ಮುಚ್ಚಿಡುತ್ತಾನೆ. ಆಕೆ ಕಂಡುಹಿಡಿದು ಡಾಕ್ಟರರ ಬಳಿಗೆ ಎಳೆದೊಯ್ಯುತ್ತಾಳೆ. ಡಾಕ್ಟರು ಹೇಳುತ್ತಾನೆ: ಇವತ್ತು ಒಂದು ಬೆರಳಲ್ಲಿದೆ, ತೆಗೆದರೆ ಕೈ ಉಳಿಯುತ್ತದೆ. ಒಳಗಿಳಿದ ಮೇಲೆ ನನ್ನ ಕತ್ತಿಯಿಂದ ಏನೂ ಆಗದು. ಆತ ಒಲ್ಲೆನೆಂದು ಎದ್ದು ಬರುತ್ತಾನೆ. ಕಿಟಕಿಯ ಆಚೆ ಎಲೆ ಉದುರುತ್ತವೆ, ಹಿಮ ಬೀಳುತ್ತದೆ, ಮತ್ತೆ ಚಿಗುರುತ್ತದೆ. ಒಂದು ವರ್ಷ. ಆಮೇಲೆ ಆರನೆಯ ರೀಲು, ಆಪರೇಶನ್ನು.

ಹಿರೇಕೆರೂರಿನ ಜನ ನೋಡಿದ್ದು ಆ ಒಂದು ವರ್ಷವಿಲ್ಲದ ಚಿತ್ರ. ಸಣ್ಣ ಕಲೆ, ಮರುಕ್ಷಣ ಕತ್ತಿ, ಮರುಕ್ಷಣ ಮೈತುಂಬ ತೊಗಟೆ. ಅದನ್ನು ನೋಡಿದ ಯಾರೇ ಆದರೂ ಕತ್ತಿಯದೇ ತಪ್ಪು ಎನ್ನುತ್ತಿದ್ದರು.

“ಹಿಂದಕ ತಿರುಗಸ್ರಿ,” ಎಂದರು ಗಂಗವ್ವ. ಆ ರೀಲನ್ನು ಎರಡನೆಯ ಸಲ ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ಗಂಡನ ಕಡೆ ತಿರುಗಿದರು. “ನಲವತ್ತು ವರ್ಷ ನನ್ನ ಸುಳ್ಳ ಅಂಜಿಸಿದ್ರಲ್ರಿ! ಒಂದು ದಿನ ಬಸ್ ತಪ್ಪಿದ್ರ ಏನಾಗತಿತ್ತು?”

ಈರಪ್ಪ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಗಂಗವ್ವ ಒಳ್ಳೆಯ ಕೈಯಿಂದ ಅವರ ತೋಳು ಹಿಡಿದು, “ಹೋಗ್ಲಿ ಬಿಡ್ರಿ, ನಿಮಗೂ ಗೊತ್ತಿರಲಿಲ್ಲ,” ಎಂದರು. ಆ ಇಬ್ಬರ ಮೇಲೆ ನನಗೆ ಅಂದು ಹುಟ್ಟಿದ ಮಮತೆ ಇಂದಿಗೂ ಹಾಗೆಯೇ ಇದೆ.

ಅಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿದರು. “ನಾ ಎಂಟು ತಿಂಗಳ ಹಿಂದ ಬಂದಿದ್ನಲ್ರಿ. ಅವತ್ತ ಯಾಕ ಒಲ್ಲಿ ಅಂತ ನೀವೂ ಕೇಳಲಿಲ್ಲಲ್ರಿ?”

ಮರುದಿನ ಆಕೆಯ ಹಳೆಯ ಚೀಟಿ ತೆಗೆಸಿ ನೋಡಿದೆ. ನನ್ನದೇ ಅಕ್ಷರದಲ್ಲಿ ‘ನಾಟ್ ವಿಲಿಂಗ್’ ಎಂದು ಎರಡು ಪದ. ಯಾಕೆ ಎಂಬುದಕ್ಕೆ ಒಂದು ಗೆರೆಯೂ ಇರಲಿಲ್ಲ.

ಗಂಗವ್ವ ಒಪ್ಪಿ ಮಾಡಿಸಿಕೊಂಡ ಬಯಾಪ್ಸಿಯಲ್ಲಿ ಚರ್ಮದ ಕ್ಯಾನ್ಸರ್ ಖಚಿತವಾಯಿತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಪುಣ್ಯಕ್ಕೆ ರೋಗ ಕಂಕುಳಿನ ಗ್ರಂಥಿಗಳಿಗೆ ಹಬ್ಬಿರಲಿಲ್ಲ. ಆಪರೇಶನ್ ದಿನ ಒಪ್ಪಿಗೆಪತ್ರಕ್ಕೆ ಸಹಿ ಮಾಡುವ ಮುನ್ನ ಗಂಗವ್ವ ಅದನ್ನು ಪೂರ್ತಿ ಓದಿ ಹೇಳಲು ನನಗೇ ಹೇಳಿದರು. ಓದಿದೆ. ನಡುನಡುವೆ ಪ್ರಶ್ನೆ ಕೇಳಿದರು, ಉತ್ತರಿಸಿದೆ. ಹುಣ್ಣನ್ನು ಸುತ್ತಲಿನ ಒಳ್ಳೆಯ ಚರ್ಮದ ಅಂಚಿನೊಡನೆ ತೆಗೆದು, ತೊಡೆಯ ಚರ್ಮ ತಂದು ಕಸಿ ಮಾಡಿದೆ. ಕೈ ಉಳಿಯಿತು, ಜೀವ ಉಳಿಯಿತು. ಆದರೆ ರೋಗ ಅಷ್ಟು ಹೊತ್ತಿಗೆ ಬೆರಳು ಎತ್ತುವ ಎರಡು ಟೆಂಡನ್‌ಗಳಿಗೆ ಇಳಿದಿತ್ತು. ಅವನ್ನು ಕತ್ತರಿಸಬೇಕಾಯಿತು. ಆಕೆಯ ಎಡಗೈಯ ಕೊನೆಯ ಎರಡು ಬೆರಳು ಈಗಲೂ ನೆಟ್ಟಗಾಗುವುದಿಲ್ಲ. ಎಂಟು ತಿಂಗಳ ಮೊದಲೇ ತೆಗೆದಿದ್ದರೆ ಆಗುತ್ತಿದ್ದವು.

ಅದನ್ನು ಆಕೆಗೆ ಬಾಯಿಬಿಟ್ಟು ಹೇಳಿದೆ. “ಮೂರು ನೆಟ್ಟಗ ಅದಾವಲ್ರಿ, ನಡೀತೈತಿ,” ಎಂದು ನಕ್ಕರು. ಅದು ಆಕೆಯ ದೊಡ್ಡತನ. ನನ್ನ ತಪ್ಪು ಅದರಿಂದ ಸಣ್ಣದಾಗಲಿಲ್ಲ.

ಒಲ್ಲೆ ಎನ್ನುವ ಪೇಶಂಟು ಹಟಮಾರಿ ಎಂದೇ ನಾನು ಅದುವರೆಗೆ ತಿಳಿದಿದ್ದೆ. ಆತ ಏನನ್ನೋ ನೋಡಿರುತ್ತಾನೆ, ಅದನ್ನು ಕೇಳಿ ತಿಳಿಯುವುದೂ ಸರ್ಜನ್ನನ ಕೆಲಸವೇ ಎಂದು ಕಲಿಸಿದ್ದು ಗಂಗವ್ವ. ಉಳಿದ ಎರಡು ವರ್ಷ ಯಾರಾದರೂ ಒಲ್ಲೆ ಎಂದರೆ ಪೆನ್ನು ಕೆಳಗಿಟ್ಟು, “ಯಾಕ್ರಿ?” ಎಂದು ಕೇಳುತ್ತಿದ್ದೆ. ಹೆಚ್ಚಿನವರು ಹೇಳಿದರು, ಒಪ್ಪಿದರು. ಹಾಗೆ ಕೇಳಿಸಿಕೊಂಡ ಪ್ರತಿ ಸಲವೂ, ಅದಕ್ಕೆ ಮುಂಚಿನ ವರ್ಷಗಳಲ್ಲಿ ನಾನು ಕೇಳದೆ ಕಳಿಸಿದವರು ಎಷ್ಟು ಜನರೋ, ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೋ ಎನ್ನಿಸುತ್ತಿತ್ತು.